ಹದಿನೇಳನೇ ನಂಬರಿನ ಗೀಟುಗಳು

ಹೊರಟದ್ದು

ಕೆನಡಾ ದೇಶಕ್ಕೆ ಹೋಗಿ ನಲವತ್ತು ದಿನ ಇದ್ದು ಬಂದೆ. ಅಲ್ಲಿ ಏನೇನು ನೋಡಿದೆ ಎಂದು ಹಿರೇಗುಂಟನೂರಿನಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ. ನೋಡಿದ್ದು ಕಡಿಮೆ, ಹೆದರಿದ್ದು ಹೆಚ್ಚು. ಹೆದರಿದ್ದನ್ನೇ ಬರೆಯುತ್ತೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಅಕ್ಷರ ತಪ್ಪಿದ್ದರೆ ಅಚ್ಚು ಹಾಕುವವರು ತಿದ್ದಿಕೊಳ್ಳಲಿ, ವಿಷಯ ತಿದ್ದುವುದು ಬೇಡ.

ಹೋಗಿದ್ದು ನನ್ನ ಮಗಳು ರತ್ನಳ ಮಗಳು ನಯನಳನ್ನು ನೋಡಲು. ಅವಳು ಸಿರಿಗೆರೆಯ ಹಾಸ್ಟೆಲಿನಲ್ಲಿದ್ದು ಓದಿದವಳು, ಲೆಕ್ಕದಲ್ಲಿ ಚುರುಕು. ಅಂಕಿಅಂಶದ ವಿದ್ಯೆ ಕಲಿಯಲು ಅಲ್ಲಿನ ಒಂದು ಕಾಲೇಜಿಗೆ ಹೋಗಿದ್ದಳು. ಪದವಿ ಕೊಡುವ ದಿನ ಮನೆಯವರು ಬರಬೇಕೆಂದು ರತ್ನಳಿಗೂ ನನಗೂ ವೀಸಾ ಮಾಡಿಸಿದ್ದಳು. ರತ್ನ ಅಂಗನವಾಡಿ ಟೀಚರು. ಹೊರಡುವ ಹೊತ್ತಿಗೆ ರಜೆ ಕೊಡಲಿಲ್ಲ. ಹೋಗಲು ನಾನೊಬ್ಬಳೇ ಉಳಿದೆ.

"ಅವ್ವಾ, ಬಾಯಿ ಮುಚ್ಕಂಡಿರು. ಯಾರ ಜತೆಗೂ ಜಗಳ ತೆಗೀಬ್ಯಾಡ" ಎಂದಳು ರತ್ನ, ಬೆಂಗಳೂರಿನ ವಿಮಾನ ನಿಲ್ದಾಣದ ಬಾಗಿಲಲ್ಲಿ.

"ಅವರ ಭಾಷೆ ಬರದಿದ್ಮೇಲೆ ಜಗಳ ಹೆಂಗೆ ತೆಗೀಲೇ?"

"ನೀನು ತೆಗೀತೀಯ."

ಬಾಗಿಲು ತಾನೇ ತೆರೆದು ತಾನೇ ಮುಚ್ಚಿಕೊಂಡಿತು. ಗಾಜಿನ ಆಚೆ ಅವಳ ಬಾಯಿ ಆಡುತ್ತಿತ್ತು, ಮಾತು ಕೇಳಲಿಲ್ಲ. ಅಲ್ಲಿಂದ ಹಿಡಿದ ಭಯ ಇದು.

ನಡುವಿನ ನಿಲ್ದಾಣ

ದಾರಿಯಲ್ಲಿ ಒಂದು ಕಡೆ ಇಳಿದು ಬೇರೆ ವಿಮಾನ ಹತ್ತಬೇಕಿತ್ತು. ಅಲ್ಲಿ ಓಡುವ ನೆಲ ಇತ್ತು. ನಮ್ಮ ಐಮಂಗಲದಲ್ಲಿ ಹೈವೇ ದಾಟುವಾಗಲೂ ನಾನು ಇಷ್ಟು ಹೆದರಿಲ್ಲ. ಅಲ್ಲಿ ಲಾರಿ ಓಡುತ್ತದೆ, ರಸ್ತೆ ನಿಂತಿರುತ್ತದೆ. ಇಲ್ಲಿ ರಸ್ತೆಯೇ ಓಡುತ್ತಿತ್ತು.

ಕಾಲಿಡಲಾರದೆ ನಿಂತಿದ್ದಾಗ ಒಬ್ಬ ಹೆಂಗಸು ತೆಲುಗಿನಲ್ಲಿ "ರಂಡಿ ಅಮ್ಮಾ, ಭಯಪಡಕಂಡಿ" ಎಂದಳು. ಹಿರಿಯೂರಿನಲ್ಲಿ ನಮ್ಮ ತಂಗಿ ಮನೆಯ ಅಕ್ಕಪಕ್ಕ ತೆಲುಗಿನವರೇ ಇರುವುದರಿಂದ ಬನ್ನಿ, ಹೆದರಬೇಡಿ ಎಂಬಷ್ಟು ನನಗೆ ತಿಳಿಯುತ್ತದೆ. ಅವಳ ಕೈಚೀಲದ ಪಟ್ಟಿ ಹಿಡಿದುಕೊಂಡೆ. ನೆಲ ದಾಟಿದ ಮೇಲೂ ಬಿಡಲಿಲ್ಲ. ಅವಳು ನಿಂತ ಸಾಲಿನಲ್ಲೇ ನಿಂತೆ. ಕಾಗದ ನೋಡಿದ ಹುಡುಗ ತಲೆ ಅಲ್ಲಾಡಿಸಿದಾಗಲೇ ಗೊತ್ತಾಗಿದ್ದು, ಅವಳು ಹೋಗುತ್ತಿದ್ದುದು ಬೇರೆ ಯಾವುದೋ ದೇಶಕ್ಕೆ.

ನನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಿಕೊಂಡು ಓಡಿದರು. ನನ್ನ ಕಾಲು ಗಟ್ಟಿ ಇವೆ ಎಂದು ಹೇಳಲು ಮಾತು ಬರಲಿಲ್ಲ.

ಐಸಿನ ಊರು, ಎರಡನೇ ದಿನ

ನಯನಳ ಊರು ಇಡೀ ಬಿಳಿ. ನಡು ಮಧ್ಯಾಹ್ನವೂ ರಸ್ತೆಯಲ್ಲಿ ನರಪಿಳ್ಳೆ ಇರುವುದಿಲ್ಲ. ಒಂದು ಮಗು ಅಳುವುದಿಲ್ಲ, ಒಂದು ಕೋಳಿ ಕೂಗುವುದಿಲ್ಲ. ಯಾರೋ ಸತ್ತ ಮನೆಯ ಮುಂದೆ ನಿಂತ ಹಾಗಿತ್ತು ನನಗೆ. ಎದುರಿಗೆ ಬಂದವರು ನಕ್ಕು ಏನೋ ಹೇಳುತ್ತಾರೆ. ಅವರ ಕಾಲನ್ನು ನಾವು ತುಳಿದರೆ ಅವರೇ ತಪ್ಪಾಯಿತು ಅನ್ನುತ್ತಾರೆ. ನಮ್ಮ ಚಿತ್ರದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಹಾಗೆ ಅಂದವರನ್ನು ನಾನು ಕಂಡಿಲ್ಲ.

ಎರಡನೇ ದಿನವೇ ಅನಾಹುತವಾಯಿತು. ಅಂಗಡಿಗೆ ಹೋಗುವಾಗ ನೆಲದ ಮೇಲೆ ಗಾಜಿನಂಥ ಐಸು ಇತ್ತು, ನನಗೆ ಕಾಣಲಿಲ್ಲ. ಎರಡೂ ಕಾಲು ಒಟ್ಟಿಗೆ ಹೋದವು. ನಯನ ನನ್ನನ್ನು ಹಿಡಿಯಲು ಬಂದು ತಾನು ಬಿದ್ದಳು. ನಾನು ಅವಳ ಮೇಲೆ ಬಿದ್ದೆ. ನನಗೆ ಏನೂ ಆಗಲಿಲ್ಲ. ಅವಳ ಬಲಗೈ ಮಣಿಕಟ್ಟು ಮುರಿಯಿತು.

ಆಸ್ಪತ್ರೆಯಿಂದ ಕೈಗೆ ಬಿಳಿ ಪಟ್ಟು ಹಾಕಿಸಿಕೊಂಡು ಬಂದು ಅವಳು ಕುರ್ಚಿಯಲ್ಲಿ ಕೂತಳು. ನಾನು ಗೋಡೆ ಹಿಡಿದು ನಿಂತಿದ್ದೆ.

"ಅಜ್ಜಿ, ಕುಂತ್ಕ. ನಿಂದೇನು ತಪ್ಪಿಲ್ಲ."

"ತಪ್ಪು ನಂದೇ. ಕೈ ನಿಂದು ಮುರೀತು."

"ಕೈ ಹೋದ್ರೆ ಹೋಗ್ಲಿ ಅಜ್ಜಿ. ಎಣಿಕೆ ಹೆಂಗೆ ಮಾಡ್ಲಿ ಅನ್ನೋದೇ ಯೋಚ್ನೆ."

ಆಗ ಅವಳ ಕೆಲಸ ಏನೆಂದು ನನಗೆ ಮೊದಲ ಸಲ ಗೊತ್ತಾಯಿತು. ಓದು ಮುಗಿದ ಮೇಲೆ ಕಾಲೇಜಿನ ಹೆಣ್ಣುಮಕ್ಕಳ ಹಾಕಿ ತಂಡದಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ್ದಳು. ಇನ್ನೂ ಕಾಯಂ ಅಲ್ಲ, ಪರೀಕ್ಷೆಗೆ ಇಟ್ಟುಕೊಂಡಿದ್ದರು. ಈ ಚಳಿಗಾಲದ ಲೆಕ್ಕ ಸರಿಬಂದರೆ ಮುಂದಿನ ವರ್ಷವೂ ಇರಬಹುದು. ಇಲ್ಲವಾದರೆ ಇಲ್ಲ.

ನಾವಿದ್ದ ಮನೆಯ ಕೆಳಗಿನ ಮನೆಯಲ್ಲಿ ಮಾರ್ಗೋ ಎಂಬ ಹುಡುಗಿ ಇದ್ದಳು. ಅದೇ ತಂಡದಲ್ಲಿ ಆಡುವವಳು, ಹದಿನೇಳನೇ ನಂಬರು. ನಾವು ಬಿದ್ದ ಸುದ್ದಿ ಕೇಳಿ ಚಪ್ಪಲಿಗೆ ಕೆಳಗಿನಿಂದ ಸಿಕ್ಕಿಸುವ ಮುಳ್ಳಿನ ಪಟ್ಟಿ ತಂದುಕೊಟ್ಟಳು. ಮಾರನೇ ದಿನದಿಂದ ನಾನು ಹೊರಟಾಗಲೆಲ್ಲ ಮುಂದೆ ಮುಂದೆ ನಡೆದು ಕಾಲಿನಿಂದ ನೆಲ ಒತ್ತಿ ನೋಡಿ, ಬಾ ಎಂದು ಕೈಮಾಡುತ್ತಿದ್ದಳು. ನಯನ ಕರೆಯುವುದನ್ನು ಕೇಳಿ ನನ್ನ ಹೆಸರೇ ಅಜ್ಜಿ ಎಂದುಕೊಂಡಿದ್ದಳು. ನಾನು ತಟ್ಟಿದ ರೊಟ್ಟಿಗೆ ಶೇಂಗಾ ಚಟ್ನಿ ಪುಡಿ ಹಾಕಿಕೊಂಡು ಕಣ್ಣಲ್ಲಿ ನೀರು ಸುರಿಸುತ್ತಾ ತಿಂದು ಇನ್ನೊಂದು ಕೇಳಿದಳು. ಇದಕ್ಕಿಂತ ಹೆಚ್ಚು ಅವಳ ಬಗ್ಗೆ ನಾನು ಬಣ್ಣಿಸುವುದಿಲ್ಲ.

ಆಟದ ಮನೆ

ಹಾಕಿ ಎಂದರೆ ಮಣ್ಣಿನ ಮೇಲೆ ಕೋಲು ಹಿಡಿದು ಆಡುವುದು ಎಂದುಕೊಂಡಿದ್ದೆ. ಅಲ್ಲಿ ಐಸಿನ ಮೇಲೆ ಆಡುತ್ತಾರೆ. ಹೊರಗೆ ಅಷ್ಟು ಐಸು ಬಿದ್ದಿದ್ದರೂ ಸಾಲದು ಎಂದು ದೊಡ್ಡ ಕಟ್ಟಡ ಕಟ್ಟಿ ಅದರೊಳಗೆ ಬೇರೆ ಐಸು ಮಾಡಿಟ್ಟಿದ್ದಾರೆ. ಕಾಲಿಗೆ ಕತ್ತಿ ಕಟ್ಟಿಕೊಂಡ ಹುಡುಗಿಯರು ಮೈಗೆ ದಿಂಬು, ಮುಖಕ್ಕೆ ಜಾಲರಿ ಹಾಕಿಕೊಂಡು ಬಸ್ಸಿನ ವೇಗದಲ್ಲಿ ಬರುತ್ತಾರೆ. ಚೆಂಡಿಲ್ಲ. ಅಂಗೈ ಅಗಲದ ಕರಿ ರಬ್ಬರಿನ ಬಿಲ್ಲೆ. ಅದು ನಮ್ಮ ಮುಂದಿನ ಗಾಜಿಗೆ ಬಡಿದಾಗ ನಾನು ಕುರ್ಚಿಯ ಕೆಳಗೆ ಕೂತುಬಿಟ್ಟೆ. ಹಿಂದಿನ ಸಾಲಿನ ಗಂಡಸು ನನ್ನನ್ನು ಎತ್ತಿ ಕೂರಿಸಿ ತಾನೇ ತಪ್ಪಾಯಿತು ಎಂದ.

ನಯನ ಹೇಳಿಕೊಟ್ಟಳು. ಪ್ರತಿ ತಂಡದಲ್ಲಿ ಗೋಲು ಕಾಯುವವಳ ಮುಂದೆ ಇಬ್ಬರು ಹಿಂದಾಳುಗಳು, ಜೋಡಿಯಾಗಿ. ಒಂದು ನಿಮಿಷ ಆಡುವಷ್ಟರಲ್ಲಿ ಸುಸ್ತಾಗಿ ಕಟ್ಟೆ ಹಾರಿ ಹೊರಗೆ ಬರುತ್ತಾರೆ, ಇನ್ನೊಂದು ಜೋಡಿ ಹಾರಿ ಒಳಗೆ ಹೋಗುತ್ತದೆ. ಯಾವ ಜೋಡಿ ಒಳಗಿದ್ದಾಗ ಎದುರಾಳಿಗಳು ನಮ್ಮ ಕಡೆ ಎಷ್ಟು ಸಲ ಹೊಡೆದರು, ನಮ್ಮವರು ಅತ್ತ ಎಷ್ಟು ಸಲ ಹೊಡೆದರು ಎಂದು ಬರೆದುಕೊಳ್ಳಬೇಕು. ವರ್ಷದ ಕೊನೆಗೆ ಯಾರ ಪಕ್ಕ ಯಾರು ಆಡಿದರೆ ಒಳ್ಳೆಯದು ಎಂಬುದು ಅದರಿಂದ ತಿಳಿಯುತ್ತದೆ.

"ಗೋಲು ಎಣಿಸಿದ್ರೆ ಸಾಲದಾ?"

"ಗೋಲು ಬೀಳೋದು ಎರಡೋ ಮೂರೋ. ಅಷ್ಟರಾಗೆ ಅದೃಷ್ಟ ಯಾವುದು, ಆಟ ಯಾವುದು ಅಂತ ಗೊತ್ತಾಗಲ್ಲ. ಹೊಡೆತ ಜಾಸ್ತಿ ಇರ್ತಾವೆ. ಅದಕ್ಕೇ ಹೊಡೆತ ಎಣಿಸ್ತೀವಿ. ಒಳಗೆ ಹೋಗಿದ್ದು, ಹೊರಗೆ ಹೋಗಿದ್ದು, ಯಾರಿಗೋ ಬಡಿದಿದ್ದು, ಎಲ್ಲಾ."

ಅವಳ ಬಲಗೈ ಕೊರಳಿಗೆ ತೂಗುಬಿದ್ದಿತ್ತು. ಎಡಗೈಯಲ್ಲಿ ಅಷ್ಟು ಬೇಗ ಬರೆಯಲು ಆಗುತ್ತಿರಲಿಲ್ಲ. "ಒಂದು ಜೋಡಿ ನಾನು ನೋಡ್ಕಂತೀನಿ ಕೊಡು" ಎಂದೆ. ಆ ಕೈ ಮುರಿದದ್ದು ನನ್ನಿಂದ ತಾನೆ.

ನಾಲ್ಕು ಮತ್ತು ಹದಿನೇಳು, ಇದು ನನ್ನ ಪಾಲಿಗೆ ಬಂದ ಜೋಡಿ. ಆ ಇಬ್ಬರು ಒಳಗಿದ್ದಾಗ ಎದುರಿನವರು ನಮ್ಮ ಕಡೆ ಹೊಡೆದರೆ ಕೆಂಪು ಪೆನ್ನಿನಲ್ಲಿ ಒಂದು ಗೀಟು. ನಾಲ್ಕು ನಿಲ್ಲಿಸಿ ಐದನೆಯದನ್ನು ಅಡ್ಡ ಎಳೆಯುವುದು. ಉಳಿದದ್ದೆಲ್ಲ ನಯನ ತನ್ನ ಎಡಗೈಯಲ್ಲಿ.

ಎಣಿಸುವುದು ನನಗೆ ಹೊಸದಲ್ಲ. ಹೊಸದುರ್ಗದ ಕಡೆ ತೆಂಗಿನಕಾಯಿ ಗುಡ್ಡೆ ಎಣಿಸಿ ಎಣಿಸಿಯೇ ನನ್ನ ಬೆನ್ನು ಬಾಗಿದ್ದು. ಒಂದೊಂದು ಕೈಯಲ್ಲಿ ಎರಡೆರಡು ಕಾಯಿ ಎತ್ತಿ ಈ ಗುಡ್ಡೆಯಿಂದ ಆ ಗುಡ್ಡೆಗೆ ಹಾಕಬೇಕು. ಮೊದಲನೆಯದಕ್ಕೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತೇವೆ. ಅಲ್ಲಾಡಿಸಿದರೆ ನೀರಿನ ಸದ್ದು ಬರದ ಕಾಯಿ, ಬಿರುಕು ಬಿಟ್ಟ ಕಾಯಿ ಎಣಿಕೆಗೆ ಸೇರುವುದಿಲ್ಲ. ಅದು ಜೊಳ್ಳು. ನೋಡಿದ ಕೂಡಲೇ ಕಾಲಿನಿಂದ ಪಕ್ಕಕ್ಕೆ ತಳ್ಳುತ್ತೇವೆ. ಜೊಳ್ಳನ್ನು ಎಣಿಸಿದವಳನ್ನು ಮುಂದಿನ ಗುಡ್ಡೆಗೆ ಯಾರೂ ಕರೆಯುವುದಿಲ್ಲ.

ಎರಡು ಆಟ

ವರ್ಷದ ಲೆಕ್ಕದಲ್ಲಿ ಎರಡು ಜೋಡಿ ಸಮಸಮ ಬಂದಿದ್ದವು. ಒಂದು ನನ್ನ ನಾಲ್ಕು–ಹದಿನೇಳು. ಇನ್ನೊಂದು ಒಂಬತ್ತು–ಇಪ್ಪತ್ತೆರಡು. ಕೊನೆಯ ದೊಡ್ಡ ಪಂದ್ಯಗಳಿಗೆ ಬೇರೆ ಊರಿಗೆ ಹೋಗುವ ಪಟ್ಟಿಯಲ್ಲಿ ಹಿಂದಾಳುಗಳ ಒಂದೇ ಜಾಗ ಉಳಿದಿತ್ತು. ನಾಲ್ಕು, ಒಂಬತ್ತು ಆಗಲೇ ಪಟ್ಟಿಯಲ್ಲಿದ್ದರು. ಇನ್ನು ಹದಿನೇಳು ಹೋಗಬೇಕು, ಇಲ್ಲವೇ ಇಪ್ಪತ್ತೆರಡು. ಮಾರ್ಗೋಗೆ ಇದು ಕಾಲೇಜಿನ ಕೊನೆಯ ವರ್ಷ. ಈ ಪಂದ್ಯ ತಪ್ಪಿದರೆ ಅವಳ ಆಟವೇ ಮುಗಿದಂತೆ. ಉಳಿದಿದ್ದ ಎರಡು ಆಟದ ಎಣಿಕೆ ನೋಡಿ ಕೋಚು ತೀರ್ಮಾನ ಮಾಡುವವಳಿದ್ದಳು. ಕೋಚು ಹೆಂಗಸೇ.

ಇದೆಲ್ಲ ಗೊತ್ತಿದ್ದೇ ನಾನು ಪೆನ್ನು ಹಿಡಿದು ಕೂತೆ. ಮೊದಲ ಗೀಟಿಗೆ "ಲಾಭ" ಎಂದು ಜೋರಾಗಿ ಅಂದುಬಿಟ್ಟೆ. ನಯನ ಬೆಚ್ಚಿದಳು.

"ಏನಜ್ಜೀ?"

"ಒಂದು ಕಣೇ. ನೀನು ಆ ಕಡೆ ನೋಡು."

ಕಣ್ಣು ಮಿಟುಕಿಸಲು ಹೆದರಿಕೆ. ಬಿಲ್ಲೆ ಕಾಣುವುದೇ ಅರೆಗಳಿಗೆ. ಮಾರ್ಗೋ ಯಾರನ್ನೋ ಗೋಡೆಗೆ ಒತ್ತಿದಾಗ ಕಟ್ಟಡವೇ ಅದುರಿದಂತಾಗುತ್ತಿತ್ತು. ಒಮ್ಮೆ ಬಿಲ್ಲೆ ಅವಳ ಮೊಣಕಾಲಿಗೆ ಬಡಿದು ಅವಳು ಬಿದ್ದಳು. ಏಳುವವರೆಗೆ ನನ್ನ ಪೆನ್ನು ಹಾಳೆಯ ಮೇಲೆ ನಿಂತಲ್ಲೇ ಒತ್ತಿ ತೂತು ಬಿತ್ತು. ಗೀಟು ಹಾಕಿದೆನೋ ಇಲ್ಲವೋ ಆಗ ಯೋಚಿಸಲಿಲ್ಲ. ಎರಡನೇ ಆಟದ ದಿನವೂ ಹೀಗೇ.

ಅದಾದ ಮಾರನೇ ದಿನ ನಯನ ಕಂಪ್ಯೂಟರಿನಲ್ಲಿ ಎರಡು ಪಟ್ಟಿ ತೋರಿಸಿದಳು. ಒಂದು ಉದ್ದ, ಒಂದು ಗಿಡ್ಡ.

"ಗಿಡ್ಡ ಇರೋದು ಮಾರ್ಗೋದು. ಅವಳಿದ್ದಾಗ ನಮ್ಮ ಕಡೆ ಕಮ್ಮಿ ಹೊಡೆದವ್ರೆ. ಅವಳೇ ಹೋಗ್ತಾಳೆ ಅಜ್ಜಿ. ನಿನ್ನ ಗೀಟೇ ಅವಳನ್ನ ಉಳಿಸ್ತು."

ನನಗೆ ಒಳ್ಳೆಯದೇ ಅನ್ನಿಸಿತು. ಸುಳ್ಳು ಹೇಳುವುದಿಲ್ಲ.

ತಿಳಿದದ್ದು

ಗೋಲು ಕಾಯುವ ಹುಡುಗಿಯ ಅಪ್ಪ ಪ್ರತಿ ಆಟದಲ್ಲೂ ಮಗಳ ಹಿಂದೆಯೇ ಗಾಜಿನಾಚೆ ನಿಂತು ಫೋನಿನಲ್ಲಿ ಇಡೀ ಆಟದ ವಿಡಿಯೋ ಚಿತ್ರ ತೆಗೆಯುತ್ತಾನೆ. ಅವಳು ಈ ಕಡೆಯಿಂದ ಆ ಕಡೆಯ ಗೋಲಿಗೆ ಹೋದರೆ ಅವನೂ ಹೋಗುತ್ತಾನೆ. ಆ ಚಿತ್ರವನ್ನು ನಯನಳಿಗೂ ಕಳಿಸಿದ್ದ. ಅವಳು ತನ್ನ ಎಡಗೈ ಬರಹ ತನಗೇ ಅರ್ಥವಾಗದ ಒಂದೆರಡು ಕಡೆ ಮತ್ತೆ ನೋಡಿಕೊಳ್ಳಲು ಅದನ್ನು ಹಾಕಿದಳು. ನಾನು ಅವರೇಕಾಳಿನ ಡಬ್ಬಿ ಹಿಡಿದುಕೊಂಡು ಪಕ್ಕದಲ್ಲಿ ಕೂತಿದ್ದೆ.

ಇಪ್ಪತ್ತೆರಡು ಒಳಗಿದ್ದಳು. ಎದುರಿನವಳು ಹೊಡೆದ ಬಿಲ್ಲೆ ಗೋಲಿನ ಹತ್ತಿರವೂ ಬರದೆ ಮಾರು ದೂರದಲ್ಲಿ ಗೋಡೆಗೆ ಹೋಯಿತು. ನಯನ ಗೀಟು ಸರಿಯಿದೆಯೇ ಎಂದು ಬೆರಳಿಟ್ಟು ನೋಡಿದಳು. ಇನ್ನೊಂದು ಹೊಡೆತ ಯಾರದೋ ಕಾಲಿಗೆ ಬಡಿದು ಅಲ್ಲೇ ಸತ್ತಿತು. ಅದಕ್ಕೂ ಗೀಟು.

ಅವು ಜೊಳ್ಳು. ನಾನಾಗಿದ್ದರೆ ಗೀಟುತ್ತಿರಲಿಲ್ಲ.

ಗೀಟಿರಲಿಲ್ಲ.

ಎಲ್ಲಾ ಎಂದು ಅವಳು ಹೇಳಿದ್ದು ನಿಜ, ನಾನು ಕೇಳಿಸಿಕೊಂಡದ್ದೂ ನಿಜ. ಕೈ ಮಾತ್ರ ಕಾಯಿ ಎಣಿಸಿದ ಹಾಗೇ ಎಣಿಸಿತ್ತು. ಡಬ್ಬಿ ಕೆಳಗಿಟ್ಟು ಎದ್ದು ಅಡುಗೆ ಮನೆಗೆ ಹೋದೆ. ಒಂದು ದಿನ ಪೂರಾ ಬಾಯಿ ಬಿಡಲಿಲ್ಲ.

ಬಿಡದೆ ಇದ್ದರೆ ಏನಾಗುತ್ತದೆ ಎಂದು ಯೋಚಿಸಿದೆ. ಮಾರ್ಗೋ ಆಡುತ್ತಾಳೆ. ನಯನಳ ಕೆಲಸ ಉಳಿಯುತ್ತದೆ. ಕಳೆದುಕೊಳ್ಳುವವಳು ಇಪ್ಪತ್ತೆರಡು ಒಬ್ಬಳೇ. ಅವಳ ಹೆಸರು ನನಗೆ ಗೊತ್ತಿಲ್ಲ, ಜಾಲರಿಯ ಹಿಂದಿನ ಮುಖ ನಾನು ನೋಡಿಲ್ಲ. ಬಾಯಿ ಬಿಟ್ಟರೆ ಇದೆಲ್ಲ ಉಲ್ಟಾ. ಹೀಗೆ ಯೋಚಿಸುತ್ತಿದ್ದಾಗಲೇ ಬಾಗಿಲು ಬಡಿದು ಮಾರ್ಗೋ ಬಂದಳು, ಅಂಗಡಿಗೆ ಹೋಗೋಣವೇ ಎಂದು ಸನ್ನೆ ಮಾಡಿದಳು. ಹೋದೆ. ಅವಳು ಮುಂದೆ ಮುಂದೆ ನೆಲ ಒತ್ತುತ್ತಾ ನಡೆದಳು. ಅವಳ ಬೆನ್ನು ನೋಡಲು ನನಗೆ ಭಯವಾಗಿ ನನ್ನ ಕಾಲನ್ನೇ ನೋಡಿಕೊಂಡು ನಡೆದೆ.

ತಲೆಗೆ ನೀರು ಹಾಕಿದ ದಿನ

ಪಟ್ಟು ಹಾಕಿದ ಕೈಗೆ ಪ್ಲಾಸ್ಟಿಕ್ ಕವರು ಕಟ್ಟಿ ನಯನಳನ್ನು ಬಚ್ಚಲಲ್ಲಿ ಸ್ಟೂಲಿನ ಮೇಲೆ ಕೂರಿಸಿ ತಲೆ ತೊಳೆಯುತ್ತಿದ್ದೆ. ಅವಳ ಮುಖ ಕೆಳಗಿತ್ತು. ಹೇಳಲು ಅದೇ ಹೊತ್ತು ಅನ್ನಿಸಿತು.

"ಲೇ ನಯನಾ, ನನ್ನ ಎಣಿಕೆ ತಪ್ಪೈತೆ."

"ಯಾವುದು?"

"ಹದಿನೇಳರದ್ದು. ಜೊಳ್ಳು ಬಿಟ್ಟಿದೀನಿ."

"ಜೊಳ್ಳು ಅಂದ್ರೆ?"

"ಆಕಡೆ ಈಕಡೆ ಹೋಗಿದ್ದು. ಯಾರ ಕಾಲಿಗೋ ಬಡಿದು ಸತ್ತಿದ್ದು. ಅವು ಗೋಲಿಗೆ ಬರೋವಲ್ಲ ಅಂತ ಗೀಟಲಿಲ್ಲ."

ಅವಳು ತಟ್ಟನೆ ತಲೆ ಎತ್ತಿದಳು. ನೊರೆ ಕಣ್ಣಿಗಿಳಿಯಿತು, ಒರೆಸಿಕೊಳ್ಳಲಿಲ್ಲ.

"ಎಲ್ಲಾ ಅಂತ ಹೇಳಿರ್ಲಿಲ್ವಾ ನಾನು?"

"ಹೇಳಿದ್ದೆ."

"ಎಷ್ಟು ಬಿಟ್ಟಿದೀಯ?"

"ಬಿಟ್ಟಿದ್ನ ಯಾರಾದ್ರೂ ಎಣಿಸ್ತಾರೇನೇ?"

ಆಗ ನೊರೆ ಒರೆಸಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು. "ಅಜ್ಜಿ, ನಿಜ ಹೇಳು. ಮಾರ್ಗೋ ಅಂತ ಬಿಟ್ಯಾ?"

ನಾಲ್ಕನೇ ನಂಬರಿನ ಜೊತೆ ಬೇರೆ ಯಾರಾದರೂ ಆಡಿದ್ದರೆ ನನ್ನ ಕೈ ಅಷ್ಟೇ ಬಿಡುತ್ತಿತ್ತೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿದ್ದು ಆ ಪ್ರಶ್ನೆಯೇ.

"ಕೈ ಬಿಡ್ತು. ಯಾಕೆ ಬಿಡ್ತೋ ಗೊತ್ತಿಲ್ಲ."

"ಕೋಚ್ ನನ್ನ ಕಿತ್ತಾಕ್ತಾಳೆ."

"ಕಿತ್ತಾಕಿದ್ರೆ ಊರಿಗೆ ಬಾ."

"ಅಷ್ಟು ಸುಲಭನಾ?"

"ಸುಲಭ ಅಂತ ಯಾರಂದ್ರು? ನೀರು ತಣ್ಣಗಾಗ್ತೈತೆ, ತಲೆ ಬಗ್ಸು."

ಬಗ್ಗಿಸಿದಳು. ನಾನು ನೊರೆ ತೊಳೆದೆ. ನೀರು ತಣ್ಣಗಿರಲಿಲ್ಲ.

ಕೋಚಿನ ಕೋಣೆ

ಕೋಚು ನನ್ನ ವಯಸ್ಸಿಗೆ ಹತ್ತು ವರ್ಷ ಕಡಿಮೆ ಇರಬಹುದು. ಬಿಳಿ ಕೂದಲು, ಅಗಲ ಭುಜ, ಯಾವಾಗಲೋ ಮುರಿದು ವಾರೆಯಾದ ಮೂಗು. ನಯನ ನಿಂತುಕೊಂಡೇ ಎಲ್ಲ ಹೇಳಿದಳು. ಎಣಿಸಿದ್ದು ಯಾರು ಎಂದು ಕೇಳಿರಬೇಕು, ನಯನ ನನ್ನ ಕಡೆ ಕೈ ತೋರಿಸಿದಳು. ಕೋಚು ನನ್ನನ್ನು ನೋಡಿದಳು. ಬೈದಿದ್ದರೆ ಅರ್ಧ ಭಯ ಹೋಗುತ್ತಿತ್ತು. ಅವಳು ಎದ್ದು ನನಗೆ ಕುರ್ಚಿ ಎಳೆದು ಕೊಟ್ಟಳು.

"ಗೋಲು ಕಾಯೋಳ ಅಪ್ಪ ತೆಗೆದ ಚಿತ್ರ ಹಾಕ್ತಾರಂತೆ" ಎಂದಳು ನಯನ. "ನೀನೇ ಗೀಟಬೇಕಂತೆ. ನಾನು ಪೆನ್ನು ಮುಟ್ಟಂಗಿಲ್ಲ."

"ನಾನು ಬ್ಯಾಡ ಕಣೇ. ಒಂದು ಸಲ ಕೆಡಿಸಿದ್ದು ಸಾಲದಾ?"

"ಕೆಡಿಸಿದ್ದೆಲ್ಲಿ ಅಂತ ನಿನ್ನ ಕೈಗೇ ಗೊತ್ತಿರೋದು ಅಂತಾರೆ."

ಹೊಸ ಹಾಳೆ ಇಟ್ಟುಕೊಂಡು ಎರಡು ಆಟವನ್ನೂ ಮತ್ತೆ ನೋಡಿದೆವು. ಹೊಡೆತ ಬಂದಾಗಲೆಲ್ಲ ಕೋಚು ಬೆರಳೆತ್ತುತ್ತಾಳೆ, ನಾನು ಗೀಟುತ್ತೇನೆ. ಗೀಟಿದ ಮೇಲೆ ಅವಳು ಕೇಳುತ್ತಾಳೆ, ಇದು ಆ ದಿನ ಬರೆದಿದ್ದೆಯಾ? ಬರೆದಿದ್ದರೆ ಗೋಣು ಹಾಕುತ್ತೇನೆ. ಬರೆಯದಿದ್ದರೆ ಇಲ್ಲ ಅನ್ನುತ್ತೇನೆ. ಇಲ್ಲ ಅನ್ನುವ ಮಾತು ಅವಳು ಬೇಗ ಕಲಿತುಬಿಟ್ಟಳು. ಆಮೇಲಾಮೇಲೆ ನಾನು ಬಾಯಿ ತೆರೆಯುವ ಮೊದಲೇ ಅವಳೇ "ಇಲ್ಲ" ಅನ್ನುತ್ತಿದ್ದಳು. ಮಾರ್ಗೋ ಮೊಣಕಾಲಿಗೆ ಪೆಟ್ಟು ತಿಂದು ಬಿದ್ದದ್ದು ಬಂತು. ಅದೂ ಇಲ್ಲ.

ಮುಗಿದಾಗ ಹನ್ನೊಂದು ಗೀಟು ಹೆಚ್ಚಾಗಿದ್ದವು. ಇಪ್ಪತ್ತಾರು ಇದ್ದದ್ದು ಮೂವತ್ತೇಳು. ಕಂಪ್ಯೂಟರಿನಲ್ಲಿ ಗಿಡ್ಡ ಪಟ್ಟಿ ಉದ್ದವಾಯಿತು, ಇಪ್ಪತ್ತೆರಡರದ್ದು ಗಿಡ್ಡವಾಗಿ ಕಂಡಿತು.

ನಾನು ಸುಮ್ಮನಿರಲಿಲ್ಲ. "ಈ ಹನ್ನೊಂದರಾಗೆ ನಾಲ್ಕೈದು ಆ ಹುಡುಗಿ ತಾನೇ ಕಾಲು ಕೊಟ್ಟು ತಡೆದಿದ್ದು. ತಡೆದಿದ್ದಕ್ಕೆ ಶಿಕ್ಷೆನಾ?" ಎಂದೆ.

ನಯನ ಅದನ್ನು ಅವರ ಭಾಷೆಯಲ್ಲಿ ಹೇಳುವ ಮೊದಲು ನನಗೇ ಉತ್ತರ ಕೊಟ್ಟಳು. "ತಡೆದಿದ್ದಕ್ಕೆ ಬೇರೆ ಹಾಳೆ ಐತೆ ಅಜ್ಜಿ. ಅದರಾಗೂ ಇಬ್ಬರದ್ದೂ ನೋಡಿದೀವಿ, ಸಮ ಅವರೆ. ಹೊಡೆತ ಜೊಳ್ಳಾದ್ರೂ ಬಿಲ್ಲೆ ಅಷ್ಟೊತ್ತು ನಮ್ಮ ಅಂಗಳದಾಗೇ ಇತ್ತಲ್ಲ? ಅದು ಗೊತ್ತಾಗಲಿ ಅಂತಲೇ ಎಲ್ಲಾ ಎಣಿಸೋದು. ಒಂದು ಹಾಳೇದು ಇನ್ನೊಂದಕ್ಕೆ ಸುರಿಯಂಗಿಲ್ಲ."

ನನಗೆ ಅರ್ಥವಾಯಿತು. ಅರ್ಥವಾಗದಿದ್ದರೆ ಚೆನ್ನಾಗಿತ್ತು.

ಕೋಚು ಎರಡು ಮಾತು ಹೇಳಿದಳು. ನಯನಳನ್ನು ಈ ಚಳಿಗಾಲ ಮುಗಿಯುವವರೆಗೆ ಕಳಿಸುವುದಿಲ್ಲ, ಮುಂದಿನ ವರ್ಷದ ಮಾತು ಆಗ ನೋಡೋಣ. ಎರಡನೆಯದು, ಲೆಕ್ಕ ಬರೆದವರೇ ಹೋಗಿ ಆ ಹುಡುಗಿಗೆ ಹೇಳಬೇಕು. ಕೋಚಿನ ಹತ್ತಿರ ಅದು ಯಾವತ್ತಿನಿಂದಲೂ ಇರುವ ಪದ್ಧತಿಯಂತೆ. ಅಂಕಿಯ ಹಿಂದೆ ಯಾರೂ ಅಡಗಿಕೊಳ್ಳಬಾರದಂತೆ.

"ನಾನು ಹೋಗಿ ಹೇಳ್ತೀನಿ, ನೀನು ಮನೇಲಿರು" ಎಂದಳು ನಯನ ದಾರಿಯಲ್ಲಿ.

"ಗೀಟಿದ್ದು ಯಾರು?"

"ನೀನೇ. ಆದ್ರೆ..."

"ಹಂಗಾದ್ರೆ ಹೋಗಾಣ ನಡಿ."

ಕೆಳಗಿನ ಮನೆ

ಮಾರ್ಗೋ ಬಾಗಿಲು ತೆರೆದು ನಕ್ಕಳು. ಅಡುಗೆ ಮನೆಯ ಸಣ್ಣ ಮೇಜಿನ ಹತ್ತಿರ ಕೂರಿಸಿದಳು. ನಯನ ಮಾತು ಶುರುಮಾಡಿದಾಗ ಅವಳ ನಗು ನಿಂತಿತು. ಅರ್ಧದಲ್ಲಿ ಒಮ್ಮೆ ನನ್ನ ಕಡೆ ತಿರುಗಿ ನೋಡಿದಳು. ನಾನು ಕಣ್ಣು ತಪ್ಪಿಸಲಿಲ್ಲ. ತಪ್ಪಿಸಬೇಕು ಅನ್ನಿಸಿತ್ತು.

ನಯನ ಮುಗಿಸಿದ ಮೇಲೆ ಅವಳು ಕೈ ಚಾಚಿದಳು.

"ಹಾಳೆ ಕೇಳ್ತವ್ಳೆ" ಎಂದಳು ನಯನ.

ಕೊಟ್ಟೆವು. ಅದನ್ನು ಮೇಜಿನ ಮೇಲೆ ಹರಡಿ ಅಂಗೈಯಿಂದ ಮಡಿಕೆ ತಿಕ್ಕಿದಳು. ಕೆಂಪು ಗೀಟುಗಳು ಐದೈದರ ಕಂತೆಯಾಗಿದ್ದವು, ಕಂತೆ ಲೆಕ್ಕ ಹಾಕಿದ್ದರೆ ಕ್ಷಣದಲ್ಲಿ ಮುಗಿಯುತ್ತಿತ್ತು. ಅವಳು ಹಾಗೆ ಮಾಡಲಿಲ್ಲ. ಉಗುರಿಟ್ಟು ಒಂದೊಂದೇ ಗೀಟನ್ನು ಮುಟ್ಟುತ್ತಾ ಹೋದಳು. ತುಟಿ ಅಲ್ಲಾಡುತ್ತಿತ್ತು. ಒಂದೊಂದಕ್ಕೂ ಆಟದ ಯಾವ ಗಳಿಗೆ ಎಂದು ನೆನೆಸಿಕೊಳ್ಳುತ್ತಿದ್ದಳೋ ಏನೋ, ಕೆಲವು ಕಡೆ ಉಗುರು ಬಹಳ ಹೊತ್ತು ನಿಲ್ಲುತ್ತಿತ್ತು.

ನಾನು ಕೂತ ಕುರ್ಚಿಯ ಅಂಚು ಹಿಡಿದುಕೊಂಡಿದ್ದೆ. ವಿಮಾನದಲ್ಲಿ ಇಷ್ಟು ಹೆದರಲಿಲ್ಲ, ಐಸಿನ ಮೇಲೆ ಇಷ್ಟು ಹೆದರಲಿಲ್ಲ, ಕೋಚಿನ ಮುಂದೆಯೂ ಇಷ್ಟು ಹೆದರಲಿಲ್ಲ. ಒಂದು ಹೆಚ್ಚು ಬಂದರೆ ನಾನು ಅವಳ ಜಾಗ ಕಿತ್ತುಕೊಂಡವಳು. ಒಂದು ಕಡಿಮೆ ಬಂದರೆ ಇನ್ನೂ ಅವಳ ಪರ ಬಿಡುತ್ತಿರುವವಳು. ನಡುವೆ ಒಂದು ಕಡೆ ಅವಳು ತಡೆದು, ತಲೆ ಅಲ್ಲಾಡಿಸಿ, ಮತ್ತೆ ಮೊದಲಿನಿಂದ ಶುರುಮಾಡಿದಳು. ನಯನ ಏನೋ ಹೇಳಲು ಬಾಯಿ ತೆರೆದಳು. ನಾನು ಮೇಜಿನ ಕೆಳಗೆ ಅವಳ ಕಾಲು ತುಳಿದೆ.

ಕೊನೆಯ ಗೀಟಿನ ಮೇಲೆ ಉಗುರು ನಿಂತಿತು. ಅವಳು ಒಂದು ಸಂಖ್ಯೆ ಹೇಳಿದಳು. ಅವರ ಭಾಷೆಯ ಅಂಕಿ ನನಗೆ ಅಷ್ಟು ಬೇಗ ತಿಳಿಯುವುದಿಲ್ಲ. ನಯನಳ ಮುಖ ನೋಡಿದೆ.

"ಮೂವತ್ತೇಳು" ಎಂದಳು ನಯನ.

ಮಾರ್ಗೋ ಹಾಳೆಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿದಳು. ಅದನ್ನು ನಯನಳಿಗೆ ಕೊಡದೆ ನನ್ನ ಕೈಯಲ್ಲಿಟ್ಟು "ಓಕೆ, ಅಜ್ಜಿ" ಎಂದಳು. ಎದ್ದು ನಮಗೆ ಬೆನ್ನು ಮಾಡಿ ನಲ್ಲಿ ತಿರುಗಿಸಿ, ತೊಳೆದಿದ್ದ ಲೋಟವನ್ನೇ ಮತ್ತೆ ತೊಳೆಯುತ್ತಾ ನಿಂತಳು. ನಾವು ಮೇಲಕ್ಕೆ ಬಂದೆವು.

ಎಣಿಕೆ ಸರಿಯಿತ್ತು. ಮರುದಿನ ಹಾಕಿದ ಪಟ್ಟಿಯಲ್ಲಿ ಹದಿನೇಳು ಇರಲಿಲ್ಲ.